ಮೂರು ದಿನದ ಹಡಗು ಪ್ರಯಾಣ: ಕಡಲಬೇನೆಗೆ ಏನು ಸಿದ್ಧತೆ ಮಾಡಿಕೊಳ್ಳಬೇಕು?

ನಾಪೋಕ್ಲು ಬೆಳೆಗಾರ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ನಾಲ್ವರು ಚೆನ್ನೈನಿಂದ ಅಂಡಮಾನಿನ ಶ್ರೀ ವಿಜಯಪುರಂಗೆ, ಅಂದರೆ 2024ರವರೆಗೆ ಪೋರ್ಟ್ ಬ್ಲೇರ್ ಎಂದು ಕರೆಯುತ್ತಿದ್ದ ಊರಿಗೆ, ಪ್ರಯಾಣಿಕರ ಹಡಗಿನಲ್ಲಿ ಹೋಗಬೇಕೆಂದು ಯೋಚಿಸಿದ್ದೇವೆ. ವಿಮಾನದಲ್ಲಾದರೆ ಕೆಲವೇ ಗಂಟೆಗಳಲ್ಲಿ ತಲುಪಬಹುದು ಎಂಬುದು ಗೊತ್ತಿದೆ. ಆದರೆ ನಮ್ಮ ತಂದೆಯವರು ಸೈನ್ಯದಲ್ಲಿದ್ದಾಗ ಹಡಗಿನಲ್ಲೇ ಅಲ್ಲಿಗೆ ಹೋಗಿ ಕೆಲಸ ಮಾಡಿದವರು. ಅವರು ಹೋದ ಕಡಲ ದಾರಿಯಲ್ಲೇ ಒಮ್ಮೆ ಹೋಗಬೇಕೆಂಬುದು ತಾಯಿಯವರ ಬಹುಕಾಲದ ಆಸೆ. ಹಡಗು ಸುಮಾರು ಮೂರು ದಿನ ತೆಗೆದುಕೊಳ್ಳುತ್ತದೆ ಎನ್ನುತ್ತಾರೆ.

ನನ್ನ ಚಿಂತೆಯೆಲ್ಲ ಕಡಲಬೇನೆಯದು. ಮಗಳಿಗೆ ಒಂಬತ್ತು ವರ್ಷ. ಮಂಗಳೂರಿಗೆ ಹೋಗುವಾಗ ಸಂಪಾಜೆ ಘಾಟಿಯ ತಿರುವುಗಳಲ್ಲಿ ಅವಳು ವಾಂತಿ ಮಾಡದೆ ಇಳಿದದ್ದೇ ಇಲ್ಲ. ಹೆಂಡತಿಗೆ ಮೈಗ್ರೇನ್ ತಲೆನೋವಿದೆ. ತಾಯಿಯವರಿಗೆ ಎಪ್ಪತ್ತು ದಾಟಿದೆ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಾರೆ, ಕಣ್ಣಿನ ಒತ್ತಡಕ್ಕೆ ದಿನವೂ ಹನಿ ಹಾಕಿಕೊಳ್ಳುತ್ತಾರೆ. ಘಾಟಿಯಲ್ಲಾದರೆ ಗಾಡಿ ನಿಲ್ಲಿಸಿ, ಕೆಳಗಿಳಿದು, ಗಾಳಿ ಕುಡಿದು ಮುಂದೆ ಹೋಗಬಹುದು. ಕಡಲಿನ ನಡುವೆ ಆ ಅನುಕೂಲವಿಲ್ಲ. ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ವಿರಾಜಪೇಟೆ, ನಿವೃತ್ತ ನೌಕಾಪಡೆ:

ಬೆಳೆಗಾರರೇ, ನಿಮ್ಮ ತಾಯಿಯವರ ಆಸೆ ನೆರವೇರಲಿ. ಮೊದಲು ಒಂದು ಮಾತನ್ನು ಒತ್ತಿ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ಸೈನ್ಯಕ್ಕೆ ಮಕ್ಕಳನ್ನು ಕಳಿಸಿದ ಮನೆಗಳು ಬಹಳ. ಅದರಿಂದಲೋ ಏನೋ, ಪ್ರಯಾಣದಲ್ಲಿ ವಾಂತಿ ಮಾಡಿಕೊಂಡು ಮಲಗುವವರನ್ನು ಗಟ್ಟಿ ಮೈಯವರಲ್ಲ ಎಂದು ನೋಡುವ ಅಭ್ಯಾಸ ನಮ್ಮಲ್ಲಿದೆ. ಕಡಲಬೇನೆಗೂ ಧೈರ್ಯಕ್ಕೂ ಯಾವ ಸಂಬಂಧವೂ ಇಲ್ಲ. ಬ್ರಿಟನ್ನಿನ ನೌಕಾ ಸೇನಾನಿ ನೆಲ್ಸನ್ ಬಾಲ್ಯದಿಂದ ಕಡಲಿನಲ್ಲೇ ಬೆಳೆದವನಾದರೂ ಗಾಳಿ ಜೋರಾದಾಗಲೆಲ್ಲ ಕೊನೆಯವರೆಗೂ ಈ ಬೇನೆಯನ್ನು ಅನುಭವಿಸಿದ. ಚಾರ್ಲ್ಸ್ ಡಾರ್ವಿನ್ 1831ರ ಡಿಸೆಂಬರಿನಲ್ಲಿ ಬೀಗಲ್ ಹಡಗನ್ನು ಹತ್ತಿದ ಮೊದಲ ವಾರಗಳಲ್ಲಿ ಬಿಸ್ಕತ್ತು ಮತ್ತು ಒಣದ್ರಾಕ್ಷಿಯ ಹೊರತು ಬೇರೇನೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲವೆಂದು ತಂದೆಗೆ ಬರೆದ, ಹಾಗಿದ್ದೂ ಸುಮಾರು ಐದು ವರ್ಷ ಆ ಪ್ರಯಾಣವನ್ನು ಮುಂದುವರಿಸಿದ. ಆದ್ದರಿಂದ ಮಗಳಿಗೂ ಹೆಂಡತಿಯವರಿಗೂ ಮೊದಲೇ ಹೇಳಿಡಿ: ಹೊಟ್ಟೆ ತೊಳೆಸಲು ಆರಂಭವಾದ ಕೂಡಲೇ ಮುಚ್ಚಿಡದೆ ಹೇಳಬೇಕು. ಬೇನೆ ಪೂರ್ತಿ ಏರಿದ ಮೇಲೆ ಮಾಡಬಹುದಾದದ್ದು ಕಡಿಮೆ. ಏರುವ ಮುಂಚೆ ಮಾಡಬಹುದಾದದ್ದು ಬಹಳಷ್ಟಿದೆ.

ಕಾರಣ ಇರುವುದು ಕಿವಿಯ ಒಳಭಾಗದಲ್ಲಿ. ಅಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತದ ನಾಳಗಳೂ ಅವುಗಳ ಬುಡದಲ್ಲಿ ಸಣ್ಣ ಹರಳುಗಳನ್ನು ಹೊತ್ತ ಎರಡು ಚೀಲಗಳೂ ಇವೆ. ಮೇಸ್ತ್ರಿಯ ರಸಮಟ್ಟದಂತೆ ಇವು ತಲೆ ಎತ್ತ ವಾಲಿದೆ, ಎತ್ತ ತಿರುಗಿದೆ ಎಂಬುದನ್ನು ಮಿದುಳಿಗೆ ಕ್ಷಣಕ್ಷಣವೂ ತಿಳಿಸುತ್ತವೆ. ನೀವು ಕ್ಯಾಬಿನ್ನಿನೊಳಗೆ ಕುಳಿತಾಗ ಗೋಡೆಯೂ ಮೇಜೂ ನಿಮ್ಮೊಂದಿಗೇ ಅಲುಗುವುದರಿಂದ ಎಲ್ಲವೂ ನಿಂತಿದೆ ಎಂದು ಕಣ್ಣು ಹೇಳುತ್ತದೆ, ಮೈ ಏಳುತ್ತಿದೆ ಬೀಳುತ್ತಿದೆ ಎಂದು ಕಿವಿ ಹೇಳುತ್ತದೆ. ಈ ಎರಡು ವರದಿಗಳು ಹೊಂದದಿದ್ದಾಗ ಆಕಳಿಕೆ, ತಣ್ಣನೆಯ ಬೆವರು, ಬಾಯಲ್ಲಿ ನೀರೂರುವುದು, ಮುಖ ಬಿಳಿಚಿಕೊಳ್ಳುವುದು, ಆಮೇಲೆ ವಾಕರಿಕೆ, ವಾಂತಿ ಹೀಗೆ ಒಂದೊಂದಾಗಿ ಬರುತ್ತವೆ. ಅಮೆರಿಕದ ವಿಲಿಯಂ ಜೇಮ್ಸ್ 1882ರಲ್ಲಿಯೇ ಕಿವುಡ ಮೂಗರನ್ನು ವಿಚಾರಿಸಿ, ಅವರಲ್ಲಿ ಅನೇಕರಿಗೆ ತಲೆಸುತ್ತೇ ಬರುವುದಿಲ್ಲವೆಂದು ಪ್ರಕಟಿಸಿದ್ದರು. ಒಳಕಿವಿಯ ಈ ಅಂಗ ಪೂರ್ತಿ ಕೆಟ್ಟವರಿಗೆ ಕಡಲಬೇನೆಯೂ ಬರುವುದಿಲ್ಲ.

ಎಲ್ಲ ಅಲುಗಾಟವೂ ಒಂದೇ ಅಲ್ಲ. ಸುಮಾರು ಐದು ಸೆಕೆಂಡಿಗೊಮ್ಮೆ ಮೈಯನ್ನು ಮೇಲೆತ್ತಿ ಕೆಳಗಿಳಿಸುವ ನಿಧಾನದ ಚಲನೆಯೇ ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಗುಂಡಿ ಬಿದ್ದ ತೋಟದ ರಸ್ತೆಯಲ್ಲಿ ಜೀಪಿನ ಕುಲುಕಾಟವನ್ನು ಗಂಟೆಗಟ್ಟಲೆ ಸಹಿಸುವವರು ಮಂದ ಅಲೆಯ ಮೇಲೆ ಅರ್ಧ ಗಂಟೆಯಲ್ಲಿ ಸೋತುಹೋಗುವುದು ಇದರಿಂದಲೇ.

ಸಮಾಧಾನದ ಸಂಗತಿಯೆಂದರೆ ಹೆಚ್ಚಿನವರ ಮಿದುಳು ಎರಡು ಮೂರು ದಿನಗಳಲ್ಲಿ ಹೊಸ ಲೆಕ್ಕವನ್ನು ಕಲಿತುಕೊಳ್ಳುತ್ತದೆ. ನಿಮ್ಮ ಪ್ರಯಾಣದ ತೊಡಕು ಏನೆಂದರೆ, ಹೊಂದಿಕೊಳ್ಳುವ ಹೊತ್ತಿಗೆ ಊರು ಬಂದಿರುತ್ತದೆ. ಆದ್ದರಿಂದ ಮೊದಲ ದಿನವನ್ನು, ಅದರಲ್ಲೂ ಬಂದರು ಬಿಟ್ಟ ಮೊದಲ ಕೆಲವು ಗಂಟೆಗಳನ್ನು, ನಿಭಾಯಿಸುವುದರ ಮೇಲೆಯೇ ಗಮನವಿಡಿ. ಹಡಗು ಹೊರಡುವಾಗ ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿರಬೇಕು. ನಾಪೋಕ್ಲುವಿನಿಂದ ಮೈಸೂರು, ಅಲ್ಲಿಂದ ರಾತ್ರಿ ರೈಲು, ಬೆಳಿಗ್ಗೆ ಇಳಿದು ನೇರ ಬಂದರಿಗೆ ಎಂಬ ಲೆಕ್ಕ ಹಾಕಬೇಡಿ. ಚೆನ್ನೈನಲ್ಲಿ ಒಂದು ರಾತ್ರಿ ಉಳಿದುಕೊಳ್ಳಿ.

ಗೋಣಿಕೊಪ್ಪಲು:

ನಮ್ಮ ಮನೆಯಲ್ಲಿ ಇಂಥದ್ದಕ್ಕೆಲ್ಲ ಶುಂಠಿಯೇ ಮದ್ದು. ಮನೆ ಹಿತ್ತಲಿನಲ್ಲೇ ಬೆಳೆಯುವ ಶುಂಠಿಯನ್ನು ತೆಳ್ಳಗೆ ಹೆಚ್ಚಿ ಬೆಲ್ಲದ ಪಾಕದಲ್ಲಿ ಅದ್ದಿ ಒಣಗಿಸಿ ಡಬ್ಬಿಯಲ್ಲಿ ತುಂಬಿಕೊಂಡು ಹೋದರೆ ಸಾಕು. ಮಾತ್ರೆಗಳು ಮಂಪರು ತರಿಸಿ ಪ್ರಯಾಣದ ಸುಖವನ್ನೇ ಕಳೆಯುತ್ತವೆ. ನಿಂಬೆಹಣ್ಣನ್ನೂ ಮರೆಯಬೇಡಿ; ಡೀಸೆಲ್ ವಾಸನೆ ಬಂದಾಗ ಮೂಸಿ ನೋಡಲು ಅದಕ್ಕಿಂತ ಒಳ್ಳೆಯದಿಲ್ಲ.

ಮಡಿಕೇರಿ, ಶುಶ್ರೂಷಕಿ:

ಗೋಣಿಕೊಪ್ಪಲಿನವರ ಶುಂಠಿಯನ್ನು ನಾನು ಬೇಡವೆನ್ನುವುದಿಲ್ಲ. 1988ರಲ್ಲಿ ಡೆನ್ಮಾರ್ಕಿನಲ್ಲಿ ನೌಕಾ ತರಬೇತಿಯ 80 ಮಂದಿಯನ್ನು ತೆರೆದ ಕಡಲಿನಲ್ಲಿ ಪರೀಕ್ಷಿಸಿದಾಗ ಒಂದು ಗ್ರಾಂ ಶುಂಠಿ ಪುಡಿ ತೆಗೆದುಕೊಂಡವರಲ್ಲಿ ವಾಂತಿ ಮತ್ತು ತಣ್ಣನೆಯ ಬೆವರು ಕಡಿಮೆಯಾಗಿತ್ತು. ಬೇರೆ ಪರೀಕ್ಷೆಗಳಲ್ಲಿ ಅಷ್ಟು ಗುಣ ಕಾಣಲಿಲ್ಲ. ಮಂಪರಿಲ್ಲ, ಅಪಾಯ ಬಹಳ ಕಡಿಮೆ, ಸ್ವಲ್ಪ ಪ್ರಯೋಜನವಾಗಬಹುದು ಎಂಬಷ್ಟರ ಮಟ್ಟಿಗೆ ಅದನ್ನು ಇಟ್ಟುಕೊಳ್ಳೋಣ. ಆದರೆ ಘಾಟಿಯಲ್ಲಿ ಪ್ರತಿ ಸಲವೂ ವಾಂತಿ ಮಾಡುವ ಮಗುವನ್ನು ಶುಂಠಿಯೊಂದನ್ನೇ ನಂಬಿ ಮೂರು ದಿನದ ಕಡಲಿಗೆ ಕರೆದೊಯ್ಯುವುದು ಸರಿಯಲ್ಲ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ನಿಮ್ಮ ಮನೆಯ ನಾಲ್ವರಲ್ಲಿ ಮೂವರ ಬಗ್ಗೆ ಬೇರೆಬೇರೆಯಾಗಿಯೇ ಯೋಚಿಸಬೇಕಾಗುತ್ತದೆ. ಎರಡು ವರ್ಷದೊಳಗಿನ ಕೂಸುಗಳಿಗೆ ಈ ಬೇನೆ ಬರುವುದು ಅಪರೂಪ. ಆಮೇಲೆ ಹೆಚ್ಚುತ್ತಾ ಹೋಗಿ ನಿಮ್ಮ ಮಗಳ ವಯಸ್ಸಿನ ಸುಮಾರಿಗೆ ತುತ್ತತುದಿ ಮುಟ್ಟುತ್ತದೆ. ಮೈಗ್ರೇನ್ ಇರುವವರಿಗೆ ಕಡಲಬೇನೆ ಬೇಗ ಹಿಡಿಯುತ್ತದೆ, ಹಿಡಿದರೆ ತಲೆನೋವನ್ನೂ ಕೆರಳಿಸುತ್ತದೆ. ಗರ್ಭಿಣಿಯರಿಗೂ ಹಾಗೆಯೇ, ಜೊತೆಗೆ ಅವರು ಯಾವ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ನುಂಗಬಾರದು. ವಯಸ್ಸಾದಂತೆ ಬೇನೆಯ ಸಾಧ್ಯತೆ ಸಾಮಾನ್ಯವಾಗಿ ಇಳಿಯುತ್ತದೆ. ನಿಮ್ಮ ತಾಯಿಯವರ ವಿಷಯದಲ್ಲಿ ನನಗೆ ಬೇನೆಗಿಂತ ಮದ್ದಿನ ಬಗ್ಗೆಯೇ ಹೆಚ್ಚು ಭಯ.

ನಮ್ಮ ಔಷಧಿ ಅಂಗಡಿಗಳಲ್ಲಿ ಅವೋಮಿನ್ ಎಂಬ ಹೆಸರಿನಲ್ಲಿ ಸಿಗುವುದು ಪ್ರೊಮೆಥಜೀನ್. ದೀರ್ಘ ಪ್ರಯಾಣಕ್ಕೆ ಅದನ್ನು ಹಿಂದಿನ ರಾತ್ರಿ ಮಲಗುವಾಗಲೇ ಆರಂಭಿಸುವುದು ರೂಢಿ, ಮಂಪರು ಚೆನ್ನಾಗಿಯೇ ಬರುತ್ತದೆ. ಸ್ಟುಜೆರಾನ್ ಎಂಬುದು ಸಿನ್ನರಿಜೀನ್; ಇದನ್ನು ಹಡಗು ಹೊರಡುವ ಸುಮಾರು ಎರಡು ಗಂಟೆ ಮೊದಲು ತೆಗೆದುಕೊಳ್ಳುತ್ತಾರೆ, ಆಮೇಲೆ ಎಂಟು ಗಂಟೆಗೊಮ್ಮೆ. ಪಾರ್ಕಿನ್ಸನ್ ಕಾಯಿಲೆ ಇರುವವರಿಗೆ ಇದು ಕೂಡದು. ಡ್ರಾಮಮೈನ್ ಎಂಬ ಡೈಮೆನ್‌ಹೈಡ್ರಿನೇಟ್ ಕೂಡ ಹಳೆಯ ಮದ್ದೇ. ಅಮೆರಿಕದ ಬಾಲ್ಟಿಮೋರಿನಲ್ಲಿ ಮೈತುರಿಕೆಗೆಂದು ಇದನ್ನು ಕೊಟ್ಟಿದ್ದ ಹೆಂಗಸೊಬ್ಬರಿಗೆ ಟ್ರಾಮ್ ಗಾಡಿಯಲ್ಲಿ ಬರುತ್ತಿದ್ದ ವಾಕರಿಕೆಯೂ ನಿಂತದ್ದನ್ನು ವೈದ್ಯರು ಗಮನಿಸಿ, 1948ರಲ್ಲಿ ಅಟ್ಲಾಂಟಿಕ್ ದಾಟುತ್ತಿದ್ದ ಸೈನಿಕರ ಹಡಗಿನಲ್ಲಿ ಪರೀಕ್ಷಿಸಿದರು. ಕಿವಿಯ ಹಿಂದೆ ಅಂಟಿಸುವ ಹಯೋಸಿನ್ ಪಟ್ಟಿಯೂ ಇದೆ. ಅದು ಮೂರು ದಿನ ಕೆಲಸ ಮಾಡುತ್ತದೆ, ಆದರೆ ನಾಲ್ಕೈದು ಗಂಟೆ ಮೊದಲೇ ಅಂಟಿಸಿರಬೇಕು, ಮುಟ್ಟಿದ ಕೈಯನ್ನು ತೊಳೆಯದೆ ಕಣ್ಣುಜ್ಜಿಕೊಂಡರೆ ಪಾಪೆ ಹಿಗ್ಗಿ ದೃಷ್ಟಿ ಮಂಜಾಗುತ್ತದೆ.

ಇವುಗಳಲ್ಲಿ ಯಾವುದನ್ನಾದರೂ ವಾಂತಿ ಆರಂಭವಾದ ಮೇಲೆ ನುಂಗಿದರೆ ಹೆಚ್ಚಿನ ಪ್ರಯೋಜನವಿಲ್ಲ, ಏಕೆಂದರೆ ಬೇನೆ ಹಿಡಿದಾಗ ಹೊಟ್ಟೆಯು ತನ್ನೊಳಗಿನದನ್ನು ಮುಂದಕ್ಕೆ ತಳ್ಳುವುದನ್ನೇ ನಿಲ್ಲಿಸಿಬಿಡುತ್ತದೆ. ಮಾತ್ರೆ ರಕ್ತ ಸೇರುವ ಮೊದಲೇ ಹೊರಗೆ ಬರುತ್ತದೆ.

ಇನ್ನೊಂದು ಎಚ್ಚರಿಕೆ. ಊಟ ಕೆಟ್ಟು ವಾಂತಿಯಾದಾಗ ನಾವು ಕೊಡುವ ಒಂಡಾನ್‌ಸೆಟ್ರಾನ್, ಡೊಂಪೆರಿಡೋನ್ ಮಾತ್ರೆಗಳು ಕಡಲಬೇನೆಯನ್ನು ತಡೆಯುವಲ್ಲಿ ಅಷ್ಟಾಗಿ ನೆರವಾಗುವುದಿಲ್ಲ. ನೆಗಡಿಗೆ ಕೊಡುವ, ಹೆಚ್ಚು ನಿದ್ದೆ ತರಿಸದ ಸೆಟಿರಿಜಿನ್‌ ಕೂಡ ಇದಕ್ಕೆ ಆಗುವುದಿಲ್ಲ. ಹೊಟ್ಟೆನುಲಿತಕ್ಕೆ ಕೊಡುವ ಬಸ್ಕೋಪಾನಿನಲ್ಲಿಯೂ ಹಯೋಸಿನ್ ಎಂಬ ಹೆಸರಿದೆಯೆಂದು ಕೆಲವರು ಅದನ್ನೇ ಕೊಂಡೊಯ್ಯುತ್ತಾರೆ. ಅದು ಬೇರೆ ರೂಪದ ಔಷಧ, ಮಿದುಳಿಗೆ ತಲುಪುವುದಿಲ್ಲ.

ತಾಯಿಯವರ ಕಣ್ಣಿನ ಒತ್ತಡ ಯಾವ ಬಗೆಯದು ಎಂದು ಕಣ್ಣಿನ ವೈದ್ಯರನ್ನು ಈಗಲೇ ಕೇಳಿ. ಕಣ್ಣಿನೊಳಗಿನ ದ್ರವ ಹರಿದುಹೋಗುವ ಕೋನ ಕಿರಿದಾಗಿರುವ ಬಗೆಯಾದರೆ ಹಯೋಸಿನ್ ಪಟ್ಟಿಯಾಗಲಿ ಪ್ರೊಮೆಥಜೀನ್ ಆಗಲಿ ಇದ್ದಕ್ಕಿದ್ದಂತೆ ಒತ್ತಡವನ್ನು ಏರಿಸಿ ದೃಷ್ಟಿಗೇ ಅಪಾಯ ತರಬಲ್ಲವು, ಅದೂ ಕಣ್ಣಿನ ಆಸ್ಪತ್ರೆಯಿಂದ ದಿನಗಟ್ಟಲೆ ದೂರವಿರುವ ಜಾಗದಲ್ಲಿ. ಕಣ್ಣು ಸರಿಯಿದ್ದರೂ ಆ ವಯಸ್ಸಿನವರಲ್ಲಿ ಇವು ಗೊಂದಲ, ಮೂತ್ರ ಕಟ್ಟುವುದು, ನಡೆಯುವಾಗ ತೂರಾಡುವುದನ್ನು ತರಬಹುದು. ಅಲುಗುವ ಹಡಗಿನಲ್ಲಿ ಬಿದ್ದು ಸೊಂಟ ಮುರಿಯುವುದು ವಾಂತಿಗಿಂತ ಬಹಳ ದೊಡ್ಡ ಕಷ್ಟ.

ನಾಪೋಕ್ಲು ಬೆಳೆಗಾರ:

ಇಷ್ಟು ತಾಳ್ಮೆಯಿಂದ ಬರೆದದ್ದಕ್ಕೆ ಇಬ್ಬರಿಗೂ ಕೃತಜ್ಞ. ಮುಂದಿನ ವಾರ ತಾಯಿಯವರನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಸರ್, ಇನ್ನೆರಡು ಪ್ರಶ್ನೆಗಳು. ಕಾಫಿ ಕೊಯ್ಲು ಮುಗಿದು, ಸ್ಪ್ರಿಂಕ್ಲರ್ ಹಾಕಿ ಹೂವಾಗುವವರೆಗೆ ತೋಟ ಬಿಡುವ ಹಾಗಿಲ್ಲ. ಮಗಳ ಶಾಲೆಗೂ ರಜೆ ಬೇಕು. ಹೀಗಾಗಿ ಮೇ ತಿಂಗಳೆಂದು ಅಂದುಕೊಂಡಿದ್ದೆವು. ಅದು ಸರಿಯಾದ ಕಾಲವೇ? ಹಡಗಿನಲ್ಲಿ ಬಂಕ್ ಕ್ಲಾಸ್ ಎಂಬ ದೊಡ್ಡ ಹಾಲಿನ ಮಂಚಗಳೂ ಇವೆ, ಕ್ಯಾಬಿನ್‌ಗಳೂ ಇವೆ. ಬಂಕ್ ಕೆಳಗಿನ ಅಂತಸ್ತಿನಲ್ಲಿರುತ್ತದೆ, ದರ ಕಡಿಮೆ, ಅಲುಗಾಟವೂ ಕಡಿಮೆ ಎಂದು ಪರಿಚಯದವರೊಬ್ಬರು ಹೇಳಿದರು.

ವಿರಾಜಪೇಟೆ, ನಿವೃತ್ತ ನೌಕಾಪಡೆ:

ಮೇ ಬೇಡ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳು ಎರಡು ಕಾಲದಲ್ಲಿ ಏಳುತ್ತವೆ: ಮುಂಗಾರಿಗೆ ಮೊದಲು ಏಪ್ರಿಲ್ ಮೇ ತಿಂಗಳುಗಳಲ್ಲಿ, ಮುಂಗಾರು ಹಿಂದೆ ಸರಿದ ಮೇಲೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ನಡುವಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮಾರುತದ ಅಲೆ. ಕಡಲು ಎಲ್ಲಕ್ಕಿಂತ ಶಾಂತವಾಗಿರುವುದು ಜನವರಿಯ ನಡುವಿನಿಂದ ಮಾರ್ಚ್ ಕೊನೆಯವರೆಗೆ. ಅದು ನಿಮ್ಮ ರೊಬಸ್ಟಾ ಕೊಯ್ಲಿನ ಕಾಲವೆಂಬುದು ನನಗೂ ಗೊತ್ತು. ಹೂವಾದ ಮೇಲೆ ತೋಟವನ್ನು ನಂಬಿಕೆಯವರಿಗೆ ಒಪ್ಪಿಸಿ, ಮಗಳ ಪರೀಕ್ಷೆ ಮುಗಿದ ಕೂಡಲೇ, ಏಪ್ರಿಲ್ ಮೊದಲ ದಿನಗಳಲ್ಲಿ ಹೊರಡಲು ಸಾಧ್ಯವೇ ನೋಡಿ. ಮೇಗಿಂತ ಅದು ಎಷ್ಟೋ ವಾಸಿ. ಹಡಗಿನ ದಿನಾಂಕ ಬದಲಾಗುವುದು ಸಾಮಾನ್ಯವಾದ್ದರಿಂದ ಹಿಂದೆ ಮುಂದೆ ಕೆಲವು ದಿನ ಬಿಡುವಿಟ್ಟುಕೊಳ್ಳಿ, ಹೊರಡುವ ಮುನ್ನ ಹವಾಮಾನ ಇಲಾಖೆಯ ಕಡಲ ಮುನ್ಸೂಚನೆಯನ್ನೂ ನೋಡಿ.

ಜಾಗದ ಪ್ರಶ್ನೆಗೆ ಬರುತ್ತೇನೆ, ಇದರಲ್ಲಿ ಸೂಕ್ಷ್ಮವಿದೆ. ಅಲೆಗೆ ಹಡಗಿನ ಮುಂಭಾಗ ಏಳುವಾಗ ಹಿಂಭಾಗ ಇಳಿಯುತ್ತದೆ. ನಡುಭಾಗ ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತದೆ. ಪಕ್ಕಕ್ಕೆ ಹೊರಳುವಾಗ ಮೇಲಿನ ಅಂತಸ್ತುಗಳು ದೂರಕ್ಕೆ ತೂಗುತ್ತವೆ, ನೀರಿನ ಮಟ್ಟದ ಹತ್ತಿರದವು ಕಡಿಮೆ. ಹಾಗಾಗಿ ಹಡಗಿನ ಉದ್ದದ ನಡುವೆ, ಕೆಳಗಿನ ಅಂತಸ್ತಿನಲ್ಲಿ ಅಲುಗಾಟ ಕಡಿಮೆ ಎಂದು ನಿಮ್ಮ ಪರಿಚಯದವರು ಹೇಳಿದ್ದು ನಿಜ. ಆದರೆ ಅಲ್ಲಿ ಕಿಟಕಿಯಿಲ್ಲ, ಗಾಳಿ ಕಡಿಮೆ, ಪಕ್ಕದ ಮಂಚದವರು ವಾಂತಿ ಮಾಡಿದರೆ ಆ ವಾಸನೆಗೇ ಸುತ್ತಲಿನ ಹತ್ತು ಮಂದಿಗೆ ಹೊಟ್ಟೆ ತೊಳೆಸುತ್ತದೆ. ತಾಯಿ ಮತ್ತು ಮಗುವಿನೊಂದಿಗೆ ಹೋಗುವವರು ಹಣ ಸ್ವಲ್ಪ ಹೆಚ್ಚಾದರೂ ನಡುಭಾಗದ ಕ್ಯಾಬಿನ್ ಹಿಡಿಯಬೇಕು. ಟಿಕೆಟ್ ಕೊಳ್ಳುವಾಗ ಕ್ಯಾಬಿನ್ ಹಡಗಿನ ಯಾವ ಭಾಗದಲ್ಲಿದೆ ಎಂದು ನಕ್ಷೆ ತೋರಿಸಿ ಕೇಳಲು ಸಂಕೋಚಪಡಬೇಡಿ.

ಕ್ಯಾಬಿನ್ ಮಲಗುವುದಕ್ಕೆ ಮಾತ್ರ. ಎಚ್ಚರವಾಗಿರುವಾಗ ಕ್ಯಾಬಿನ್ನಿನಲ್ಲಿ ಕುಳಿತು ಮೊಬೈಲ್ ನೋಡುವುದು, ಪುಸ್ತಕ ಓದುವುದು, ಬಗ್ಗಿ ಚೀಲದಲ್ಲಿ ಬಟ್ಟೆ ಹುಡುಕುವುದು, ಇವು ಬೇನೆಯನ್ನು ಕರೆದು ತರುತ್ತವೆ. ಮೊದಲ ದಿನಕ್ಕೆ ಬೇಕಾದ ಬಟ್ಟೆ, ಔಷಧ, ನೀರು ಎಲ್ಲವನ್ನೂ ಚೀಲದ ಮೇಲ್ಭಾಗದಲ್ಲೇ ಇಟ್ಟುಕೊಂಡಿರಿ. ಎಚ್ಚರವಿದ್ದಾಗ ಡೆಕ್ಕಿಗೆ, ಅಂದರೆ ಹಡಗಿನ ತೆರೆದ ಅಂತಸ್ತಿಗೆ ಬಂದು, ನಡುಭಾಗದಲ್ಲಿ, ಹಡಗು ಹೋಗುವ ದಿಕ್ಕಿಗೆ ಮುಖ ಮಾಡಿ, ಆಕಾಶವೂ ನೀರೂ ಸೇರುವ ಗೆರೆಯನ್ನು ನೋಡುತ್ತಾ ಕುಳಿತುಕೊಳ್ಳಬೇಕು. ಆ ಗೆರೆ ಅಲುಗುವುದಿಲ್ಲ. ಆಗ ಕಣ್ಣು ಹೇಳುವುದೂ ಕಿವಿ ಹೇಳುವುದೂ ಹೊಂದುತ್ತವೆ. ಕತ್ತಲಾದ ಮೇಲೆ, ಅಥವಾ ಡೆಕ್ಕಿನಲ್ಲಿ ನಿಲ್ಲಲಾಗದಷ್ಟು ಗಾಳಿ ಬಂದಾಗ, ಅಂಗಾತ ಮಲಗಿ, ತಲೆ ಹೊರಳದಂತೆ ಎರಡೂ ಬದಿಗೆ ದಿಂಬೋ ಮಡಚಿದ ಕಂಬಳಿಯೋ ಒತ್ತಿಟ್ಟು ಕಣ್ಣು ಮುಚ್ಚಿಕೊಳ್ಳುವುದೇ ಸರಿ. ಇವೆರಡರ ನಡುವಿನ ಸ್ಥಿತಿ, ಅಂದರೆ ಒಳಗೆ ಕಣ್ಣು ಬಿಟ್ಟು ಕುಳಿತಿರುವುದು, ಎಲ್ಲಕ್ಕಿಂತ ಕೆಟ್ಟದ್ದು.

ಮಗಳ ವಿಷಯದಲ್ಲಿ ಒಂದು ಮಾತು ಬಹಳ ಗಂಭೀರವಾಗಿ ಹೇಳುತ್ತೇನೆ. ವಾಂತಿ ಬಂದಾಗ ಯಾರೂ ಅಂಚಿನ ಕಂಬಿಯ ಮೇಲೆ ಬಗ್ಗಬಾರದು. ಬೇನೆಯಲ್ಲಿ ಮೈಗೆ ಬಲವಿರುವುದಿಲ್ಲ, ನೆಲ ಒದ್ದೆಯಾಗಿರುತ್ತದೆ, ಹಡಗು ಹೊರಳುವ ಹೊತ್ತಿಗೆ ಸರಿಯಾಗಿ ಆಯ ತಪ್ಪುತ್ತದೆ. ಗಟ್ಟಿಯಾದ ಕಾಗದದ ಅಥವಾ ಪ್ಲಾಸ್ಟಿಕ್ಕಿನ ಚೀಲ ಪ್ರತಿಯೊಬ್ಬರ ಜೇಬಿನಲ್ಲಿಯೂ ಇರಬೇಕು.

ಪೊನ್ನಂಪೇಟೆ, ಕೆಡೆಟ್‌ನ ತಾಯಿ:

ನಡುವೆ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ನನ್ನ ಮಗ ಸರಕು ಸಾಗಣೆಯ ಹಡಗಿನಲ್ಲಿ ಡೆಕ್ ಕೆಡೆಟ್ ಆಗಿ, ಅಂದರೆ ತರಬೇತಿಯ ಹುಡುಗನಾಗಿ, ಇನ್ನೇನು ಸೇರಲಿದ್ದಾನೆ. ಅವನದು ಮೂರು ದಿನವಲ್ಲ, ತಿಂಗಳುಗಟ್ಟಲೆ. ಪ್ರಯಾಣಿಕರಾದರೆ ಮಲಗಿಕೊಳ್ಳಬಹುದು, ಕೆಲಸಕ್ಕೆ ಹೋದವನು ಏನು ಮಾಡಬೇಕು? ಮೇಲಿನ ಅಧಿಕಾರಿಗಳಿಗೆ ಹೇಳಿದರೆ ಹುಡುಗ ಕೆಲಸಕ್ಕೆ ಬಾರದವನೆಂದು ಬರೆದುಬಿಡುತ್ತಾರೇನೋ ಎಂದು ಅವನು ಈಗಲೇ ಅಂಜುತ್ತಿದ್ದಾನೆ.

ಸೋಮವಾರಪೇಟೆ, ಹಡಗಿನ ಎಂಜಿನಿಯರ್:

ಅಕ್ಕ, ನಿಮ್ಮ ಮಗನ ಅಂಜಿಕೆ ಸಹಜವಾದದ್ದು, ಆದರೆ ಅದನ್ನು ಈಗಲೇ ಬಿಡಿಸಿಬಿಡಿ. ಹೊಸದಾಗಿ ಬಂದ ಕೆಡೆಟ್‌ಗೆ ಮೊದಲ ವಾರದಲ್ಲಿ ವಾಂತಿಯಾಗುವುದು ಹಡಗಿನಲ್ಲಿ ಎಲ್ಲರೂ ಕಂಡ ಸಂಗತಿ. ಮುಚ್ಚಿಟ್ಟುಕೊಂಡು ಮಂಪರಿನಲ್ಲೇ ಎತ್ತರ ಹತ್ತುವುದು, ಹಗ್ಗ ಎಳೆಯುವ ಯಂತ್ರದ ಬಳಿ ನಿಲ್ಲುವುದು ಅವನ ಪ್ರಾಣಕ್ಕೂ ಜೊತೆಯವರ ಪ್ರಾಣಕ್ಕೂ ಅಪಾಯ. ಬೇನೆ ಆರಂಭವಾದ ಕೂಡಲೇ ತನ್ನ ಕಾವಲು ಪಾಳಿಯ ಅಧಿಕಾರಿಗೆ ಹೇಳಬೇಕು; ಮಾತ್ರೆ ನುಂಗಿದ್ದರೆ ಅದನ್ನೂ ಹೇಳಬೇಕು. ಹಡಗಿನ ಔಷಧ ಪೆಟ್ಟಿಗೆ ಸಾಮಾನ್ಯವಾಗಿ ಸೆಕೆಂಡ್ ಆಫೀಸರ್ ಬಳಿ ಇರುತ್ತದೆ.

ಸರಕಿನ ಹಡಗುಗಳಲ್ಲಿ ಇರುವ ಒಂದು ತೊಂದರೆಯೆಂದರೆ ವಾಸದ ಕಟ್ಟಡ ಹೆಚ್ಚಾಗಿ ಹಿಂಭಾಗದಲ್ಲಿ, ಎತ್ತರವಾಗಿರುತ್ತದೆ. ನೌಕಾಪಡೆಯ ಸರ್ ಹೇಳಿದ ನಡುಭಾಗ, ಕೆಳಗಿನ ಅಂತಸ್ತು ಎರಡೂ ಅಲ್ಲಿ ಸಿಗುವುದಿಲ್ಲ. ಸರಕು ಇಳಿಸಿ ಖಾಲಿಯಾದ ಹಡಗು ನೀರಿನ ಮೇಲೆ ಎತ್ತರವಾಗಿ ನಿಂತು ಇನ್ನೂ ಹೆಚ್ಚು ಒದ್ದಾಡುತ್ತದೆ. ಎಂಜಿನ್ ಕೋಣೆಯಲ್ಲಿ ಅಲುಗಾಟ ಕಡಿಮೆಯಾದರೂ ಸೆಖೆ ಮತ್ತು ಎಣ್ಣೆಯ ವಾಸನೆ ಅದನ್ನು ಮೀರಿಸುತ್ತವೆ. ಡೆಕ್ ಕೆಡೆಟ್ ಆದ್ದರಿಂದ ಅವನಿಗೆ ಹೊರಗಿನ ಗಾಳಿ ಮತ್ತು ದಿಗಂತ ಎರಡೂ ಸಿಗುತ್ತವೆ, ಅದೇ ಅವನ ಭಾಗ್ಯ. ಬ್ರಿಡ್ಜ್‌ನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ಕಾವಲು ನಿಂತಾಗ ನಕ್ಷೆಯ ಮೇಲೆಯೇ ಬಗ್ಗಿರದೆ ಆಗಾಗ ತಲೆಯೆತ್ತಿ ದೂರ ನೋಡಬೇಕು. ಚುಕ್ಕಾಣಿ ಹಿಡಿಯಲು ಕೊಟ್ಟರೆ ಹಿಡಿಯಲಿ. ಮುಂದಿನ ಅಲುಗಾಟ ಎತ್ತಲಿಂದ ಬರುತ್ತದೆಂದು ಮೊದಲೇ ತಿಳಿದವನಿಗೆ ಬೇನೆ ಕಡಿಮೆ. ನಮ್ಮ ಘಾಟಿಗಳಲ್ಲಿಯೂ ಬಸ್ಸು ಓಡಿಸುವವರಿಗೆ ವಾಂತಿಯಾಗುವುದಿಲ್ಲ, ಹಿಂದಿನ ಸೀಟಿನವರಿಗೆ ಆಗುತ್ತದೆ, ಕಾರಣ ಒಂದೇ.

ಊಟ ಬಿಡಬಾರದು. ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಹೆಚ್ಚುತ್ತದೆ, ಕೊನೆಗೆ ಬರೀ ಪಿತ್ತ ಬಂದು ಎದೆ ಉರಿಯುತ್ತದೆ. ಒಣ ಬ್ರೆಡ್ಡು, ಬಿಸ್ಕತ್ತು, ಅನ್ನ, ಬಾಳೆಹಣ್ಣು ಹೀಗೆ ಸ್ವಲ್ಪ ಸ್ವಲ್ಪವೇ ಹಲವು ಸಲ ತಿನ್ನಲಿ. ಕರಿದದ್ದು, ಖಾರದ್ದು ಮೊದಲ ವಾರ ಬೇಡ. ದೀರ್ಘ ರಜೆ ಮುಗಿಸಿ ಮರಳಿ ಹಡಗು ಹತ್ತಿದಾಗ ಬೇನೆ ಮತ್ತೆ ಕಾಣಿಸಿಕೊಳ್ಳಬಹುದು. ಮಿದುಳು ಕಲಿತ ಹೊಂದಾಣಿಕೆ ನೆಲದ ಮೇಲೆ ಕಳೆಯುತ್ತದೆ, ಆದರೆ ಎರಡನೆಯ ಸಲ ಸಾಮಾನ್ಯವಾಗಿ ಬೇಗ ಮರಳುತ್ತದೆ. ಎಷ್ಟೋ ವಾರಗಳಾದರೂ ಹೊಂದಿಕೊಳ್ಳದ ಕೆಲವರು ಇರುತ್ತಾರೆ. ಹಾಗಾದರೆ ಅದು ಅವನ ತಪ್ಪಲ್ಲ, ಬಂದರಿನಲ್ಲಿ ವೈದ್ಯರನ್ನು ಕಂಡು ಮುಂದಿನದನ್ನು ನಿರ್ಧರಿಸಲಿ.

ಕುಶಾಲನಗರ:

ಹೊಂದಿಕೊಳ್ಳುವುದೇ ನಿಜವಾದ ಪರಿಹಾರವಾದರೆ ಮಾತ್ರೆ ಯಾಕೆ? ಒಂದು ದಿನ ವಾಂತಿ ಮಾಡಿಕೊಂಡರೆ ದೇಹವೇ ಕಲಿತುಕೊಳ್ಳುತ್ತದೆ. ನೀರು ಕುಡಿದರೆ ವಾಂತಿ ಹೆಚ್ಚುವುದರಿಂದ ಅದನ್ನೂ ಬಿಡುವುದು ಒಳ್ಳೆಯದು ಎಂದು ಕೇಳಿದ್ದೇನೆ.

ಮಡಿಕೇರಿ, ಶುಶ್ರೂಷಕಿ:

ಕುಶಾಲನಗರದವರ ಮೊದಲ ಮಾತನ್ನು ಆರೋಗ್ಯವಂತ ಯುವಕನ ವಿಷಯದಲ್ಲಿ ಒಪ್ಪಬಹುದು. ಎರಡನೆಯ ಮಾತನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ಕಡಲಬೇನೆಯಿಂದ ನೇರವಾಗಿ ಪ್ರಾಣಕ್ಕೆ ಅಪಾಯವಿಲ್ಲ. ಅಪಾಯ ಬರುವುದು ದೇಹದ ನೀರು ಮತ್ತು ಲವಣ ಬರಿದಾಗುವುದರಿಂದ, ಮಕ್ಕಳಲ್ಲಿಯೂ ವೃದ್ಧರಲ್ಲಿಯೂ ಅದು ಬಹಳ ಬೇಗ ಬರುತ್ತದೆ. ಓಆರ್‌ಎಸ್ ಪೊಟ್ಟಣಗಳನ್ನು ಧಾರಾಳವಾಗಿ ಕೊಂಡೊಯ್ಯಿರಿ. ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಪೂರ್ತಿಯಾಗಿ ಬೆರೆಸಬೇಕು, ಅರ್ಧ ಪೊಟ್ಟಣ ಅರ್ಧ ಲೋಟಕ್ಕೆ ಎಂಬ ಅಂದಾಜು ಸಲ್ಲದು. ಪೊಟ್ಟಣ ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚವೆಂದರೆ ಟೀ ಚಮಚ. ವಾಂತಿಯಾದ ಮೇಲೆ ಹತ್ತು ನಿಮಿಷ ಬಿಟ್ಟು ಎರಡೆರಡು ನಿಮಿಷಕ್ಕೆ ಒಂದು ಚಮಚದಂತೆ ಕುಡಿಸಿದರೆ ಅದು ಉಳಿಯುತ್ತದೆ. ಒಮ್ಮೆಲೇ ಲೋಟ ಎತ್ತಿ ಕುಡಿದಾಗ ಮಾತ್ರ ತಿರುಗಿ ಬರುತ್ತದೆ. ಆರೆಂಟು ಗಂಟೆ ಮೂತ್ರವೇ ಆಗದಿದ್ದರೆ, ಬಾಯಿ ಒಣಗಿ ಕಣ್ಣು ಗುಳಿಬಿದ್ದರೆ, ಮಾತು ತಡವರಿಸಿದರೆ, ವಾಂತಿಯಲ್ಲಿ ರಕ್ತ ಕಂಡರೆ ತಡಮಾಡದೆ ಹಡಗಿನ ವೈದ್ಯರನ್ನು ಕರೆಯಬೇಕು. ಅವರು ಚುಚ್ಚುಮದ್ದು ಕೊಡಬಲ್ಲರು.

ಬೆಳೆಗಾರರೇ, ತಾಯಿಯವರ ರಕ್ತದೊತ್ತಡದ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧ ಸೇರಿದೆಯೇ ಎಂದೂ ವೈದ್ಯರನ್ನು ಕೇಳಿ. ವಾಂತಿಯಾಗುತ್ತಿರುವಾಗ ಅದನ್ನು ಮುಂದುವರಿಸಬೇಕೇ, ನಿಲ್ಲಿಸಬೇಕೇ ಎಂಬ ಸೂಚನೆ ಬರಹದಲ್ಲಿಯೇ ಇರಲಿ. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವ ಇತರ ಓದುಗರಿಗೂ ಇದೇ ಮಾತು, ಊಟ ಸೇರದ ದಿನ ಪ್ರಮಾಣ ಬದಲಾಗಬೇಕಾಗುತ್ತದೆ. ಮಗಳಿಗೆ ಯಾವ ಮಾತ್ರೆ, ಎಷ್ಟು ಎಂಬುದನ್ನು ಮಕ್ಕಳ ವೈದ್ಯರು ತೂಕ ನೋಡಿ ಬರೆದುಕೊಡಲಿ, ಅದನ್ನು ಮನೆಯಲ್ಲಿ ಒಂದು ರಜಾದಿನ ಕೊಟ್ಟು ನೋಡಿ. ಕೆಲವು ಮಕ್ಕಳಿಗೆ ಈ ಔಷಧಗಳಿಂದ ಮಂಪರಿನ ಬದಲು ಚಡಪಡಿಕೆ ಬರುತ್ತದೆ; ಅದು ಕಡಲಿನ ನಡುವೆ ತಿಳಿಯುವುದಕ್ಕಿಂತ ಮನೆಯಲ್ಲಿ ತಿಳಿಯುವುದು ಲೇಸು. ಮಣಿಕಟ್ಟಿನ ಒಳಬದಿಯಲ್ಲಿ, ಗೆರೆಯಿಂದ ಮೂರು ಬೆರಳಿನಷ್ಟು ಮೇಲೆ, ಎರಡು ನರಗಟ್ಟುಗಳ ನಡುವೆ ಒತ್ತುವ ಪಟ್ಟಿಗಳ ಬಗ್ಗೆ ಪರೀಕ್ಷೆಗಳ ಫಲ ಒಂದೇ ರೀತಿ ಇಲ್ಲ. ಮಗುವಿಗೆ ಧೈರ್ಯ ಬರುವುದಾದರೆ ಕಟ್ಟಿ, ಹಾನಿಯಿಲ್ಲ.

ನಾಪೋಕ್ಲು ಬೆಳೆಗಾರ:

ಕಣ್ಣಿನ ವೈದ್ಯರನ್ನು ಕಂಡು ಬಂದೆವು. ತಾಯಿಯವರದು ಕೋನ ಕಿರಿದಾದ ಬಗೆಯೇ. ಶುಶ್ರೂಷಕಿಯವರು ಹೆಸರಿಸಿದ ಎರಡು ಔಷಧಗಳನ್ನೂ ತೆಗೆದುಕೊಳ್ಳಬಾರದೆಂದು ಬರೆದುಕೊಟ್ಟಿದ್ದಾರೆ, ಲೇಸರ್ ಚಿಕಿತ್ಸೆಯ ಬಗ್ಗೆಯೂ ಮಾತನಾಡಿದ್ದಾರೆ. ಮೊದಲೇ ಕೇಳದೆ ಅಂಗಡಿಯಿಂದ ಮಾತ್ರೆ ಕೊಂಡು ಹೋಗಿದ್ದರೆ ಏನಾಗುತ್ತಿತ್ತೋ ಎಂದು ಮನೆಯವರೆಲ್ಲ ನಿಮ್ಮನ್ನು ನೆನೆಯುತ್ತಿದ್ದೇವೆ. ಹೆಂಡತಿಗೂ ಮಗಳಿಗೂ ಔಷಧ ಬರೆಸಿದ್ದೇವೆ. ಪ್ರಯಾಣ ಏಪ್ರಿಲ್ ಮೊದಲ ವಾರಕ್ಕೆ ನಿಗದಿಯಾಗಿದೆ. ತಾಯಿಯವರು ಮಾತ್ರೆಯಿಲ್ಲದೆಯೇ ಬರುತ್ತೇನೆ ಎನ್ನುತ್ತಾರೆ. ಅವರಿಗೆ ಘಾಟಿಯಲ್ಲಿ ಎಂದೂ ತೊಂದರೆಯಾದದ್ದಿಲ್ಲ. ಕರೆದೊಯ್ಯುವುದು ಸರಿಯೇ?

ವಿರಾಜಪೇಟೆ, ನಿವೃತ್ತ ನೌಕಾಪಡೆ:

ಲೇಸರ್ ಚಿಕಿತ್ಸೆ ಬೇಕೆಂದು ವೈದ್ಯರು ಹೇಳಿದ್ದರೆ ಅದನ್ನು ಮುಗಿಸಿ, ಅವರ ಒಪ್ಪಿಗೆ ಪಡೆದ ಮೇಲೆ ಕರೆದೊಯ್ಯಿರಿ. ನನ್ನ ಸಲಹೆ, ಹೋಗುವಾಗ ಹಡಗು, ಬರುವಾಗ ವಿಮಾನ. ಅವರ ಆಸೆ ಹೋಗುವ ದಾರಿಯದು; ಅದು ನೆರವೇರುತ್ತದೆ, ಮರಳುವ ಮೂರು ದಿನದ ಚಿಂತೆ ಯಾರಿಗೂ ಇರುವುದಿಲ್ಲ. ಸಾಧ್ಯವಾದರೆ ಈ ಬೇಸಿಗೆಗೆ ಮೊದಲು ಒಂದು ದಿನ ಮಲ್ಪೆಗೆ ಹೋಗಿ ಸೇಂಟ್ ಮೇರೀಸ್ ದ್ವೀಪದ ದೋಣಿಯಲ್ಲಿ ಎಲ್ಲರೂ ಹೋಗಿ ಬನ್ನಿ. ಸಣ್ಣ ದೋಣಿಯ ಕುಣಿತ ದೊಡ್ಡ ಹಡಗಿನದಕ್ಕಿಂತ ಬೇರೆ, ಅಲ್ಲಿ ಹೊಟ್ಟೆ ತೊಳೆಸಿದರೆ ಹೆದರಬೇಕಿಲ್ಲ. ಮಗಳು ದಿಗಂತ ನೋಡುವುದನ್ನು, ಬೇನೆ ಆರಂಭವಾದಾಗ ಹೇಳುವುದನ್ನು ಅಲ್ಲಿ ಕಲಿಯುತ್ತಾಳೆ.

ಮಡಿಕೇರಿ, ಶುಶ್ರೂಷಕಿ:

ಸರ್ ಹೇಳಿದ ಹಾಗೆಯೇ ಮಾಡಿ. ಒಂದು ವಿಷಯ ಉಳಿದಿತ್ತು. ಹಡಗಿನಿಂದ ಇಳಿದ ಮೇಲೆ ನೆಲವೇ ತೂಗಿದಂತೆ, ಸ್ನಾನದ ಮನೆಯಲ್ಲಿ ಕಣ್ಣು ಮುಚ್ಚಿದಾಗ ವಾಲಿದಂತೆ ಒಂದೆರಡು ದಿನ ಅನಿಸುತ್ತದೆ. ಕಡಲಿಗೆ ಹೊಂದಿದ ಮಿದುಳು ಮತ್ತೆ ನೆಲಕ್ಕೆ ಹೊಂದುವ ಕಾಲವದು, ಔಷಧ ಬೇಕಿಲ್ಲ. ಹೆಂಡತಿಯವರಿಗೆ ಮೈಗ್ರೇನ್ ಇರುವುದರಿಂದ ಸ್ವಲ್ಪ ಹೆಚ್ಚು ದಿನ ಇರಬಹುದು. ತಿಂಗಳಾದರೂ ಹೋಗದಿದ್ದರೆ ಕಿವಿ ಮೂಗು ಗಂಟಲಿನ ವೈದ್ಯರಿಗೋ ನರರೋಗ ವೈದ್ಯರಿಗೋ ತೋರಿಸಿ. ಇಳಿದ ದಿನ ತಾಯಿಯವರ ಕೈಯನ್ನು ಯಾರಾದರೂ ಹಿಡಿದಿರಬೇಕು, ಮೆಟ್ಟಿಲಿನಲ್ಲಂತೂ ತಪ್ಪದೆ. ಕಣ್ಣಿನ ಹನಿಯ ಎರಡು ಬಾಟಲಿಗಳನ್ನು ಬೇರೆಬೇರೆ ಚೀಲದಲ್ಲಿ ಇಟ್ಟುಕೊಳ್ಳಿ.